ಗಾಜಿನ ಕಡಲೂ ಅಕ್ಕಿಕಾಳಿನಷ್ಟು ಮೈಲುತುತ್ತೂ

ಸುಂಟಿಕೊಪ್ಪದಂತಹ ಮಲೆಯೂರಿನಲ್ಲಿ, ಕಾಫಿಯ ತೋಟದ ನಡುವಣ ಮನೆಯೊಂದರಲ್ಲಿ ಸಮುದ್ರವಿದೆಯೆಂದರೆ ವಾಚಕರು ನಗಬಹುದು. ಆದರೆ ನಮ್ಮ ನಡುಮನೆಯಲ್ಲಿ 60 ಲೀಟರಿನ ಸಮುದ್ರವೊಂದು ಗಾಜಿನ ತೊಟ್ಟಿಯೊಳಗೆ ನೆಲಸಿರುವುದು ನಿಜ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಓದುತ್ತಿರುವ ನನ್ನ ಮಗಳು ಅದನ್ನು ಅಣಿಮಾಡಿದಳು. ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರಬೇಕು. ಆರಿದಷ್ಟಕ್ಕೆ ಸಿಹಿನೀರನ್ನೇ ತುಂಬತಕ್ಕದ್ದು, ಏಕೆಂದರೆ ಉಪ್ಪು ಆವಿಯಾಗದು. ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ರಕ್ಷಿತವಾದುದರಿಂದ ಅದನ್ನು ತರಲಿಲ್ಲ. ಸುಣ್ಣಕಲ್ಲುಗಳನ್ನೇ ಹವಳದ ದಿಬ್ಬದಂತೆ ಅಡಕಿ, ಕಡಲಪಾಚಿಯನ್ನು ನೆಟ್ಟು, ಎರಡು ಮೀನು, ಒಂದು ಸಿಗಡಿ, ನಾಲ್ಕಾರು ಬಸವನಹುಳುಗಳನ್ನು ಬಿಟ್ಟಳು. ರಜೆ ಮುಗಿದು ಆಕೆ ಹೊರಟ ಮೇಲೆ ಪಾಲನೆಯ ಭಾರವು ನನ್ನದಾಯಿತು.

ಒಂದು ರಾತ್ರಿ ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ಹರಿದಾಡುತ್ತಿದ್ದುವು. ಭೂತಗನ್ನಡಿಯನ್ನು ಹಿಡಿದು ನೋಡಿದೆನು. ಒಂದು ಮಿಲಿಮೀಟರಿಗೂ ಮೀರದ, ನೀರಿನ ಹನಿಯಂತಹ ಶರೀರ. ತಲೆಯ ನಡುವೆ ಒಂದೇ ಒಂದು ಕೆಂಪು ಕಣ್ಣು! ನನ್ನ ಎದೆ ಝಲ್ಲೆಂದಿತು. ಅದೇತಕ್ಕೆಂದರೆ, ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಮಕ್ಕಳಿಗೆ ನಾರುಹುಣ್ಣಿನ ಪಾಠವನ್ನು ಹೇಳಿದವನು. ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ನೀರುಚಿಗಟದೊಳಗೆ ಆ ರೋಗದ ಮರಿಹುಳು ಬೆಳೆಯುವುದು. ಆ ನೀರನ್ನು ಸೋಸದೆ ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ತರುವಾಯ ಮೊಳಕ್ಕೂ ಮಿಕ್ಕ ಹುಳು ಹೊರಬರುವುದು. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಅದರಿಂದ ಮುಕ್ತವೆಂದು ಸಾರಿತು. ಇದೆಲ್ಲವನ್ನು ಬಲ್ಲ ನನಗೆ, ಕಡಲ ನೀರನ್ನು ಕುಡಿಯುವವರಾರು ಎಂಬ ಸಾಮಾನ್ಯ ಪ್ರಶ್ನೆಯೂ ಆಗ ಹೊಳೆಯಲಿಲ್ಲ.

ಮಳೆಗಾಲಕ್ಕೆ ಮುನ್ನ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ ತಂದಿದ್ದ ಮೈಲುತುತ್ತು ಮನೆಯಲ್ಲಿದ್ದಿತು. ಅಕ್ಕಿಯ ಕಾಳಿನಷ್ಟನ್ನು ಕರಗಿಸಿ ತೊಟ್ಟಿಗೆ ಸುರಿದೆನು. ಬೆಳಗ್ಗೆ ಗಾಜು ನಿರ್ಮಲವಾಗಿದ್ದುದನ್ನು ಕಂಡು ಹಿಗ್ಗಿದೆನು. ಸಂಜೆಯ ವೇಳೆಗೆ ಸಿಗಡಿಯು ಮಗ್ಗುಲಾಗಿ ಬಿದ್ದಿದ್ದಿತು. ಬಸವನಹುಳುಗಳು ಒಂದೊಂದಾಗಿ ಮರಳಿಗೆ ಉದುರಿದ್ದುವು. ಮೀನುಗಳು ಮಾತ್ರ ಏನೂ ಅರಿಯದಂತೆ ಈಜುತ್ತಿದ್ದುವು.

ದೂರವಾಣಿಯಲ್ಲಿ ಮಗಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, “ಅಪ್ಪಾ, ವಿಷ ಹಾಕುವುದಕ್ಕೆ ಮುಂಚೆ ಅದು ಏನೆಂದು ನೋಡಿದಿರಾ?” ಎಂದು ಕೇಳಿದಳು. ನೋಡಿದೆನೆಂದೆ. “ನೀವು ನೋಡಿದ್ದು ಕಣ್ಣೊಂದನ್ನೇ” ಎಂದಳು. ಮೀನು ತಾಳಿಕೊಳ್ಳುವಷ್ಟು ತಾಮ್ರವೇ ಸಿಗಡಿಯ ಕುಲಕ್ಕೆ ಮೃತ್ಯುವೆಂದೂ, ಅದು ಸುಣ್ಣಕಲ್ಲಿನಲ್ಲಿ ಸೇರಿ ನಿಲ್ಲುವುದರಿಂದ ಕಲ್ಲುಗಳನ್ನೂ ಹೊರಹಾಕಬೇಕೆಂದೂ ಆಕೆ ತಿಳಿಸಿದಳು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಲಕ್ಷಣದೋಷಗಳು ಬರುತ್ತವೆ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಗೋವಾದೀತು, ಇದು ಅತಿವ್ಯಾಪ್ತಿ. ಒಕ್ಕಣ್ಣಿನದೆಲ್ಲ ಸೈಕ್ಲಾಪ್ಸ್ ಎಂದ ನಾನು ಮಾಡಿದ್ದೂ ಅದನ್ನೇ. ಬಾಲದ ಇಕ್ಕೆಲಗಳಲ್ಲಿ ಎರಡು ಮೊಟ್ಟೆಚೀಲಗಳನ್ನು ಹೊರುವುದು ಹೆಣ್ಣು ಸೈಕ್ಲಾಪ್ಸಿನ ಗುರುತು. ಗಾಜಿನ ಮೇಲೆ ಹರಿಯುವ ಅದರ ಕಡಲ ದಾಯಾದಿಗೆ ಸಾಮಾನ್ಯವಾಗಿ ಒಂದೇ ಚೀಲ, ಮೀಸೆಯೂ ಗಿಡ್ಡ. ಅದು ಪಾಚಿಯನ್ನು ಮೇಯ್ದು, ತಾನು ಮೀನಿಗೆ ಆಹಾರವಾಗುವ ಸಾಧು. ಯೋಚಿಸಿದರೆ, ತರಗತಿಯಲ್ಲಿಯೂ ಒಂದೇ ಲಕ್ಷಣವನ್ನು ಹಿಡಿದು ಎಷ್ಟು ಹುಡುಗರಿಗೆ ಮಂದಮತಿಯೆಂದು ಹೆಸರಿಟ್ಟಿದ್ದೆನೋ!

ಮುಂದಿನ ರಜೆಯಲ್ಲಿ ಹೊಸ ಕಲ್ಲುಗಳಿಂದ ಎರಡನೆಯ ತೊಟ್ಟಿಯನ್ನು ಹೂಡಿದೆವು. ಪಾಚಿಯ ಸಂಗಡ ಕಿರುಜೀವಿಗಳೂ ಬಂದುವು. ಈ ಸಲ ಅವುಗಳ ಗ್ರೀಕ್ ಹೆಸರುಗಳನ್ನು ನಾನು ಸಂಸ್ಕೃತಕ್ಕೆ ತಿರುಗಿಸಿ ಕಲಿತೆನು. ಹುಟ್ಟಿನಂತಹ ಕಾಲುಳ್ಳ ಕೋಪೆಪಾಡ್ ಅರಿತ್ರಪಾದಿ. ಎಡಬಲಗಳಿಂದ ಚಪ್ಪಟೆಯಾಗಿ, ಅಲ್ಪವಿರಾಮದಂತೆ ಬಾಗಿ, ಮಗ್ಗುಲಲ್ಲಿ ನುಸುಳುವ ಆಂಫಿಪಾಡ್ ಉಭಯಪಾದಿ; ಇದು ಕಸವನ್ನು ತಿಂದು ತೊಟ್ಟಿಯನ್ನು ಶುಚಿಗೊಳಿಸುವುದು. ಎರಡು ಚಿಪ್ಪುಗಳೊಳಗೆ ಅಡಗಿ ಸಾಸಿವೆಯಂತೆ ಉರುಳಾಡುವುದು ಆಸ್ಟ್ರಕಾಡ್. ಇದರ ನಂಟರು ನಮ್ಮ ಬತ್ತದ ಗದ್ದೆಯ ನೀರಿನಲ್ಲಿಯೂ ಇರುತ್ತವೆ. ಮೇಲಿನಿಂದ ಅದುಮಿದಂತೆ ಚಪ್ಪಟೆಯಾದ ಐಸೊಪಾಡ್ ಸಮಪಾದಿ. ಇವುಗಳಲ್ಲಿ ಬಹಳವು ನಿರುಪದ್ರವಿಗಳು; ಕೆಲವು ಮಾತ್ರ ಮೀನಿಗೆ ಅಂಟಿಕೊಂಡು ರಕ್ತವನ್ನು ಹೀರುವುವು. ಆದಕಾರಣ ಮೀನಿನ ಮೈಮೇಲೆ ಕಂಡದ್ದನ್ನು ಹಿಡಿದು ತೆಗೆಯಬೇಕು. ಕಲ್ಲಿನ ಮೇಲೆ ಕಂಡದ್ದನ್ನು ಮೊದಲು ನೋಡಬೇಕು.

ತೊಟ್ಟಿಯನ್ನಿಡುವ ಗೃಹಸ್ಥರಿಗೆ ನನ್ನ ಅನುಭವದಿಂದ ಹೇಳಬಹುದಾದುದು ಇಷ್ಟೆ: ದೀಪವಾರಿಸಿ ಒಂದು ಗಂಟೆಯ ಮೇಲೆ ಮಂದವಾದ ಬೆಳಕಿನಲ್ಲಿ ನೋಡಿರಿ; ಒಂದೆರಡನ್ನು ಹನಿಗೊಳವೆಯಿಂದ ಬಿಳಿಯ ಬಟ್ಟಲಿಗೆ ತೆಗೆಯಿರಿ; ಮೈ ಚಪ್ಪಟೆಯಾಗಿರುವ ಬಗೆ, ಮೀಸೆ, ಚಿಪ್ಪು, ನಡಿಗೆ ಇವುಗಳಲ್ಲಿ ಮೂರಾದರೂ ಹೊಂದಿದಲ್ಲದೆ ಹೆಸರಿಡಬೇಡಿರಿ.

ಕಳೆದ ಭಾನುವಾರ ಮಗಳು ಬಂದಾಗ ಗಾಜಿನ ಮೂಲೆಯಲ್ಲಿ ಏನೋ ಹೊಸತೊಂದು ಹರಿಯುತ್ತಿದ್ದಿತು. “ಇದೇನಪ್ಪಾ?” ಎಂದಳು. ಕೂಡಲೇ ಹೇಳಲಿಲ್ಲ, ಭೂತಗನ್ನಡಿಯನ್ನು ತೆಗೆದುಕೊಂಡು ಮಂಡಿಯೂರಿ ಕುಳಿತೆನು. ಆಕೆಯೂ ಪಕ್ಕದಲ್ಲಿ ಕುಳಿತಳು. ಮೈಲುತುತ್ತಿನ ಡಬ್ಬಿಯು ಈಗ ತೋಟದ ಕೊಟ್ಟಿಗೆಯಲ್ಲಿದೆ.