ಬಿದ್ದು ಕಲಿತದ್ದು

ನನ್ನ ಗುಮಾಸ್ತಗಿರಿ ವಿಜಯವಾಡದಲ್ಲಿ, ಸಂಸಾರ ವಿಶಾಖಪಟ್ಟಣದಲ್ಲಿ. ಶನಿವಾರ ರೈಲಿಳಿದು ಮನೆಗೆ ಬಂದರೆ, ಮಗ ಕಂಪ್ಯೂಟರಿನಲ್ಲಿ ಆಕಾಶನೌಕೆ ಹಾರಿಸುತ್ತಿದ್ದ. ಹಳೆಯ ಆಟದಲ್ಲಿ ಗುಂಡಿ ಬಿಟ್ಟೊಡನೆ ನೌಕೆ ನಿಲ್ಲುತ್ತಿತ್ತು. ಇದು 2015ರ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಎಂಜಿನ್ ಆರಿಸಿದರೂ ನೌಕೆ ಓಡುತ್ತಲೇ ಇತ್ತು. ಕಡೆಗೆ ನೆಲಕ್ಕೆ ಬಡಿದು ಪುಡಿಯಾಯಿತು.

“ಹಳೆಯದನ್ನೇ ಆಡಬಾರದೇನೋ?” ಎಂದೆ.

“ಅದು ಸುಳ್ಳಾಟ ಅಪ್ಪಾ. ಚಂದ್ರನಲ್ಲಿ ತಡೆಯಲು ಗಾಳಿಯೆಲ್ಲಿದೆ? ಹೋಗುವ ದಿಕ್ಕಿಗೇ ಬೆಂಕಿಯುಗುಳಿ ವೇಗ ಕಳೆಯಬೇಕು. ನಮ್ಮ ವಿಕ್ರಮ್ 2019ರಲ್ಲಿ ಬಿದ್ದಿತು. 2023ರ ಆಗಸ್ಟ್ 23ರಂದು ಹೊಸ ವಿಕ್ರಮ್ ಸೆಕೆಂಡಿಗೆ 1.68 ಕಿಲೋಮೀಟರ್ ವೇಗವನ್ನು ಹಾಗೆಯೇ ಕಳೆದು ಇಳಿಯಿತಲ್ಲ!” ಎಂದು ಮತ್ತೆ ಹೊಸದಾಗಿ ಹಾರಿಸಿದ.

ನಾನು ಸುಮ್ಮನಾದೆ. ಇಲಾಖಾ ಪರೀಕ್ಷೆಯಲ್ಲಿ ಒಮ್ಮೆ ಬಿದ್ದು ಪುಸ್ತಕ ಕಟ್ಟಿಟ್ಟವನು ನಾನು. ಭಾನುವಾರ ರಾತ್ರಿ, ವಿಜಯವಾಡಕ್ಕೆ ಹೊರಟ ಚೀಲದೊಳಗೆ ಆ ಪುಸ್ತಕವೂ ಸೇರಿತು.