ಲೂಗರಿನ ಮೈಬಣ್ಣ

ಹಳೆಯ ಆಯುಧಗಳ ಹರಾಜು ಕ್ಯಾಟಲಾಗು ಓದುವುದು ನನಗೊಂದು ಚಟ. ಕೊಳ್ಳುವ ತಾಕತ್ತಿಲ್ಲ, ಗುರಿಯಿಟ್ಟು ಹೊಡೆಯುವ ಆಸೆ ಮೊದಲೇ ಇಲ್ಲ. ಆದರೂ ಜರ್ಮನ್ ಸೇನೆಯ ಲೂಗರ್ ಪಿಸ್ತೂಲಿನ ಪುಟ ಬಂತೆಂದರೆ ಕೈಯಲ್ಲಿನ ಕಾಫಿ ಆರಿಹೋಗುತ್ತದೆ. ಗುಂಡು ಎಷ್ಟು ದೂರ ಹೋದೀತು ಎಂಬ ಮಾತು ಅಲ್ಲಿ ಅಪರೂಪ. ಮೈಬಣ್ಣ, ಅಂಚು, ನಂಬರು, ಮತ್ತೆ ಮೈಬಣ್ಣ!

ಹ್ಯೂಗೋ ಬೋರ್ಷಾರ್ಟ್ 1893ರಲ್ಲಿ ಮಾಡಿದ್ದ ದೊಡ್ಡ, ಒಡ್ಡೊಡ್ಡಾದ ಪಿಸ್ತೂಲನ್ನು ಗಿಯೋರ್ಗ್ ಲೂಗರ್ ತಿದ್ದಿ ತೀಡಿ ಇದನ್ನು ರೂಪಿಸಿದ. 1900ರಲ್ಲಿ ಸ್ವಿಸ್ ಸೇನೆ, 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಭೂಸೇನೆ ಒಪ್ಪಿಕೊಂಡವು. ಪಿ.08 ಎಂಬ ಹೆಸರು ಬಂದದ್ದು ಆ ಕೊನೆಯ ಇಸವಿಯಿಂದ. ಮಾಡುವುದಕ್ಕೆ ಖರ್ಚೂ ಹೆಚ್ಚು, ಶ್ರಮವೂ ಹೆಚ್ಚು. ಕಡೆಗೆ ವಾಲ್ಥರ್ ಪಿ.38 ಬಂದು ಇದರ ಜಾಗ ಹಿಡಿಯಿತು.

ಆ ಶ್ರಮವೆಲ್ಲ ಮೈಮೇಲೆ ಕಾಣುತ್ತದೆ. ಹಳೆಯ ಲೂಗರಿನ ಕಡುನೀಲಿ, ಬಣ್ಣ ಬಳಿದು ಬಂದದ್ದಲ್ಲ. ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದ್ದಿ, ಕೆಂಪು ಕಪ್ಪಾದ ಮೇಲೆ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ, ಮತ್ತೆ ತುಕ್ಕು ಹಿಡಿಸುವುದು. ಹೀಗೆ ಪದರದ ಮೇಲೆ ಪದರ. ಕುದುರೆ, ಸುರಕ್ಷಾ ಸನ್ನೆಯಂಥ ಸಣ್ಣ ಭಾಗಗಳನ್ನು ಮಾತ್ರ ಹದವಾಗಿ ಕಾಯಿಸಿ ಒಣಹುಲ್ಲಿನ ಹಳದಿಗೆ ತಂದು ನಿಲ್ಲಿಸುತ್ತಿದ್ದರು; ಕಾವು ಸ್ವಲ್ಪ ಏರಿದರೂ ನೇರಳೆಗೆ ತಿರುಗಿಬಿಡುತ್ತದೆ. ಕಡುನೀಲಿಯ ನಡುವೆ ಆ ಹಳದಿ ಕುದುರೆ ಎಷ್ಟು ಚೆಂದ! 1937ರ ಸುಮಾರಿಗೆ, ಆಗ ಲೂಗರ್ ಮಾಡುತ್ತಿದ್ದ ಮೌಸರ್ ಕಾರ್ಖಾನೆ ಬಿಸಿ ಲವಣದ ದ್ರಾವಣಕ್ಕೆ ಬದಲಾಯಿತು. ಕೆಲಸ ಬೇಗ ಮುಗಿಯಿತು, ಹಳದಿ ಹೋಯಿತು.

ಇನ್ನು ನಂಬರು. ಚೌಕಟ್ಟಿಗೂ ನಳಿಗೆಗೂ ಪೂರ್ತಿ ಸಂಖ್ಯೆ. ಚಿಕ್ಕ ಭಾಗಗಳಿಗೆ ಅದರ ಕೊನೆಯ ಎರಡೇ ಅಂಕಿ. ಮ್ಯಾಗಜೀನಿನ ತಳಕ್ಕೂ ಅದೇ ನಂಬರು ಒತ್ತಿ, ಜೊತೆಗಿರುವ ಎರಡನೆಯದಕ್ಕೆ ಕೂಡುವ ಚಿಹ್ನೆ ಹಾಕುತ್ತಿದ್ದರು. ಸಂಗ್ರಹಕಾರರು ಭೂತಕನ್ನಡಿ ಹಿಡಿದು ಇವನ್ನು ಕೂಡಿಸಿ ನೋಡುವ ಪರಿ, ಗಂಡುಹೆಣ್ಣಿನ ಜಾತಕ ಕೂಡಿಸುವ ಜೋಯಿಸರಿಗೂ ಬರಲಾರದು. ಎರಡಂಕಿಯ ಒಂದು ಸಣ್ಣ ಕೀಲು ಬೇರೆ ಪಿಸ್ತೂಲಿನದೆಂದು ಗೊತ್ತಾದರೆ ಬೆಲೆ ಕುಸಿಯಿತು. ಮೊದಲ ಮಹಾಯುದ್ಧದ ಕೆಲವಕ್ಕೆ 1917ರಂಥ ಇಸವಿಯ ಪಕ್ಕದಲ್ಲೇ 1920 ಎಂದೂ ಮುದ್ರೆ ಇರುತ್ತದೆ: ಸೋತ ದೇಶದ ಚಿಕ್ಕ ಸೇನೆ ಹಳೆಯದನ್ನೇ ಉಳಿಸಿಕೊಂಡದ್ದರ ಗುರುತು.

ದೊಡ್ಡ ಅಪಚಾರವೆಂದರೆ ಹೊಳಪು ಕೊಡುವುದು. ಗೆದ್ದ ಸೈನಿಕರಲ್ಲಿ ಕೆಲವರು ಕೊಳ್ಳೆಯಾಗಿ ತಂದ ಲೂಗರಿಗೆ ಅಕ್ಕರೆಯಿಂದ ನಿಕ್ಕಲ್ ಹಾಕಿಸಿದರು. ಪಾಲಿಶ್ ಚಕ್ರ ತಾಗಿದ ಅಂಚು ಉರುಟಾಗುತ್ತದೆ, ಕಾರ್ಖಾನೆಯ ಅಕ್ಷರ ಕರಗುತ್ತದೆ. ಆ ಉಕ್ಕು ಮರಳಿ ಬರುವುದಿಲ್ಲ. ಚರ್ಮದ ಒರೆಗೆ ಉಜ್ಜಿ ನಳಿಗೆಯ ತುದಿ ಬೆಳ್ಳಗಾದದ್ದು ದೋಷವೇ ಅಲ್ಲ, ಸವೆತ ಅಷ್ಟೆ.

ಕೊಲ್ಲಲೆಂದೇ ಮಾಡಿದ ವಸ್ತುವಿನ ಮೈಬಣ್ಣಕ್ಕೆ ಇಷ್ಟು ಮನಸೋಲುವುದು ಸರಿಯೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ನೆಟ್ಟಗಿನ ಉತ್ತರವಿಲ್ಲ. ಆಯ್ಕೆ ಕೊಟ್ಟರೆ ಮಾತ್ರ ಥಳಥಳಿಸುವ ರಿಪೇರಿ ಲೂಗರನ್ನು ಬಿಟ್ಟು, ಬಣ್ಣ ಮಾಸಿದ, ನಂಬರೆಲ್ಲ ಕೂಡಿದ್ದನ್ನೇ ಆರಿಸುತ್ತೇನೆ. ಆದರೆ ನಮ್ಮ ದೇಶದಲ್ಲಿ ಇಂಥ 9 ಮಿ.ಮೀ. ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ನನಗೆ ಕ್ಯಾಟಲಾಗೇ ಗತಿ.