ಹಾಕಿದ್ದೆಷ್ಟು, ಉಳಿದದ್ದೆಷ್ಟು

2021ರ ನವೆಂಬರ್ ನನ್ನ ಬೋಧನಾಭ್ಯಾಸದ ತಿಂಗಳು. ನನಗೆ ಸಿಕ್ಕ ಪ್ರೌಢಶಾಲೆ ತೊಂಡೇಬಾವಿಯ ಹತ್ತಿರದ್ದು. ಹಿಂದೂಪುರದ ಕಡೆಗೆ ಹೋಗುವ ರೈಲಿನಲ್ಲಿ ದೊಡ್ಡಬಳ್ಳಾಪುರ, ಮಾಕಳಿದುರ್ಗ ದಾಟಿ ಇಳಿಯುತ್ತಿದ್ದೆ. ಆ ತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಳೆ ಬಿಟ್ಟುಬಿಡದೆ ಸುರಿಯಿತು. ಕೆರೆಗಳು ಕೋಡಿ ಬಿದ್ದವು. ಉತ್ತರ ಪಿನಾಕಿನಿ ಹರಿಯಿತು. ಕೊಳವೆಬಾವಿಯನ್ನೇ ನಂಬಿ ಬದುಕುವ ಸೀಮೆಯಲ್ಲಿ, ಮುಳ್ಳುಕಂಟಿ ಬೆಳೆದಿದ್ದ ಹಳೆಯ ಕಪಿಲೆ ಬಾವಿಗಳಲ್ಲೂ ನೀರು ನಿಂತಿತು. ನನ್ನ ತರಗತಿಯ ಹುಡುಗರಲ್ಲಿ ಅನೇಕರು ತಮ್ಮ ತೋಟದ ಬಾವಿ ತುಂಬಿದ್ದನ್ನು ನೋಡಿದ್ದು ಅದೇ ಮೊದಲು. ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಈಜು ಕಲಿಯುವ ಸಂಭ್ರಮ ಅವರದು.

ಹತ್ತನೆಯ ತರಗತಿಗೆ ನಾನು ತೆಗೆದುಕೊಂಡಿದ್ದ ಪಾಠ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’. ಅಂದಿನ ಕಲಿಕಾಂಶ ಚಲುವೆ ಪುಡಿ. ಅರಳಿದ ಒಣ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಅದು ಸಿಗುತ್ತದೆ ಎಂದು ಸಮೀಕರಣ ಬರೆದೆ, ಉಪಯೋಗಗಳನ್ನು ಚಾರ್ಟಿನಲ್ಲಿ ತೋರಿಸಿದೆ. ಬಟ್ಟೆಯನ್ನು ಬಿಳುಪು ಮಾಡುತ್ತದೆ, ನೀರಿನ ಕ್ರಿಮಿ ಕೊಲ್ಲುತ್ತದೆ. ‘ನೀವೆಲ್ಲ ಬ್ಲೀಚಿಂಗ್ ಪೌಡರ್ ಅಂತೀರಲ್ಲ, ಅದೇ ಇದು’ ಎಂದಾಗ ಮಕ್ಕಳ ಮುಖ ಅರಳಿತು. ಮೌಲ್ಯಮಾಪನದ ಐದು ಪ್ರಶ್ನೆಗಳಿಗೂ ಸರಿಯುತ್ತರ ಬಂತು. ಪಾಠ ಚೆನ್ನಾಗಿ ಆಯಿತೆಂದು ನಾನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡೆ.

ಸೋಮವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಕೆಂಪು ಕಣ್ಣು ಮಾಡಿಕೊಂಡು ಬಂದ. ಮೊಣಕಾಲ ಕೆಳಗೆ ಚರ್ಮವೂ ಕೆಂಪಾಗಿತ್ತು. ಏನಾಯಿತೆಂದು ಕೇಳಿದೆ.

‘ನೀವೇ ಹೇಳಿದ್ರಲ್ಲ ಮಿಸ್, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕ್ದೆ. ನೀರು ಕೆಂಪಗಿತ್ತು, ಕ್ಲೀನ್ ಆಗ್ಲಿ ಅಂತ.’

ಭಾನುವಾರ ಬೆಳಿಗ್ಗೆ ಒಂದು ಕಿಲೋ ಪುಡಿಯನ್ನು ಒಣದಾಗಿಯೇ ಮೆಟ್ಟಿಲಿನ ಮೂಲೆಗೆ ಸುರಿದು, ಹತ್ತು ನಿಮಿಷಕ್ಕೆ ಅದೇ ಮೂಲೆಯಿಂದ ನೀರಿಗೆ ಹಾರಿದ್ದ. ಜೊತೆಯಲ್ಲಿ ಏಳನೇ ತರಗತಿಯ ತಮ್ಮನೂ ಇದ್ದ. ಮನೆಯವರು ಒಳ್ಳೆಯ ನೀರಿನಿಂದ ಕಣ್ಣು ತೊಳೆಸಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಇಬ್ಬರಿಗೂ ಎರಡು ದಿನದಲ್ಲಿ ವಾಸಿಯಾಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರ್ಗದರ್ಶಿ ಶಿಕ್ಷಕರ ಬಳಿ ಹೋಗಿ, ‘ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಸಾರ್’ ಅಂದೆ. ಅವರು ನನ್ನ ಪಾಠ ಯೋಜನೆಯನ್ನು ಮತ್ತೊಮ್ಮೆ ಓದಿ, ‘ಇಲ್ಲಮ್ಮ, ತಪ್ಪಿಲ್ಲ. ಹಾಕೋದನ್ನ ಹೇಳಿಕೊಟ್ಟಿದ್ದೀಯ. ಹಾಕಿದ ಮೇಲೆ ಏನು ನೋಡಬೇಕು ಅನ್ನೋದು ಇದರಲ್ಲಿ ಎಲ್ಲಿದೆ?’ ಎಂದು ಕೇಳಿದರು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಬದುಕಿಡೀ ಹೇಳಿದರು. ನನ್ನ ಪಾಠದಲ್ಲಿ ಮಕ್ಕಳು ಪ್ರಶ್ನೆ ಕೇಳಲು ಜಾಗವನ್ನೇ ಬಿಟ್ಟಿರಲಿಲ್ಲ.

ಅವರ ಒಪ್ಪಿಗೆ ಪಡೆದು ಆ ಪಾಠವನ್ನು ಎರಡು ಅವಧಿಗಳಲ್ಲಿ ಮತ್ತೆ ಮಾಡಿದೆ.

ಮೊದಲು ಲೆಕ್ಕ. ಹುಡುಗನ ತಂದೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಅಳತೆ ತೆಗೆದುಕೊಟ್ಟರು. ಉದ್ದ 8 ಮೀಟರ್, ಅಗಲ 6, ನೀರಿನ ಆಳ 5. ಗುಣಿಸಿದರೆ 240 ಘನ ಮೀಟರ್, ಅಂದರೆ 2,40,000 ಲೀಟರ್. ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುವ ಒಳ್ಳೆಯ ಪುಡಿಯಾದರೆ ತಿಳಿನೀರಿಗೆ ಸಾಮಾನ್ಯವಾಗಿ ಸಾವಿರ ಲೀಟರಿಗೆ 2.5 ಗ್ರಾಂ. ಹಾಗಾದರೆ ಈ ಬಾವಿಗೆ 600 ಗ್ರಾಂ. ‘ಮಿಸ್, ಇವ್ನು ಒಂದು ಕಿಲೋ ಹಾಕಿದ್ದಾನೆ, ಜಾಸ್ತಿ ಆಯ್ತು’ ಎಂದು ತರಗತಿ ತೀರ್ಪು ಕೊಟ್ಟಿತು. ತೀರ್ಪನ್ನು ಹಲಗೆಯ ಮೇಲೆ ಬರೆದು ಹಾಗೇ ಬಿಟ್ಟೆ.

ಆಮೇಲೆ ಪ್ರಯೋಗ. ಗ್ರಾಮ ಪಂಚಾಯಿತಿಯ ನೀರುಗಂಟಿಯವರನ್ನು ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆಯೊಂದಿಗೆ ಬರುವಂತೆ ಕೇಳಿಕೊಂಡಿದ್ದೆವು. ಪ್ರಯೋಗಾಲಯದ ತಕ್ಕಡಿಯಲ್ಲಿ 2.5 ಗ್ರಾಂ ಪುಡಿ ತೂಗಿ ಒಂದು ಲೀಟರ್ ನೀರಿನಲ್ಲಿ ಕಲಕಿದೆವು. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬಗ್ಗಿಸಿಕೊಂಡೆವು. ಅದರ ಒಂದು ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಅದು ಸಾವಿರ ಲೀಟರಿಗೆ 2.5 ಗ್ರಾಂ ಹಾಕಿದ್ದಕ್ಕೆ ಸಮ. ಇದನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಂಡರು. ಮೂರು ಬಕೆಟ್ಟುಗಳಲ್ಲಿ ಒಂದೊಂದು ಲೀಟರ್ ನೀರು: ಒಂದರಲ್ಲಿ ಕೊಳವೆಬಾವಿಯದು, ಇನ್ನೊಂದರಲ್ಲಿ ರಾತ್ರಿಯಿಡೀ ತಿಳಿಯಲು ಬಿಟ್ಟ ಬಾವಿಯದು, ಮೂರನೆಯದರಲ್ಲಿ ಮಣ್ಣು ಬೆರೆತ ಬಾವಿಯದು. ಮೂರಕ್ಕೂ ಒಂದೊಂದು ಮಿಲಿಲೀಟರ್ ಹಾಕಿ ಅರ್ಧ ಗಂಟೆ ಕಾದೆವು.

ಆರ್ಥೋಟಾಲಿಡಿನ್ ಮಕ್ಕಳ ಕೈಗೆ ಸಿಗಬಾರದ ದ್ರಾವಣವಾದ್ದರಿಂದ ನೀರುಗಂಟಿಯವರೇ ಹನಿ ಹಾಕಿದರು. ಕೊಳವೆಬಾವಿ ನೀರು ಹಳದಿಯಾಯಿತು. ತಿಳಿದ ನೀರಿನಲ್ಲಿ ಕಂಡೂ ಕಾಣದಷ್ಟು ಹಳದಿ. ಮಣ್ಣುನೀರಿನಲ್ಲಿ ಏನೂ ಇಲ್ಲ. ಅದಕ್ಕೆ ಎರಡು ಹಾಕಿದೆವು, ಮೂರು ಹಾಕಿದೆವು. ನಾಲ್ಕು ಮಿಲಿಲೀಟರ್ ಹಾಕಿ ಕಾದ ಮೇಲೆ ಬಣ್ಣ ಬಂತು.

‘ಹಾಕಿದ್ದೆಲ್ಲ ಎಲ್ಲೋಯ್ತು ಮಿಸ್?’ ಎಂದು ಕೇಳಿದವನು ಆ ಕೆಂಪು ಕಣ್ಣಿನ ಹುಡುಗನೇ.

ಆ ಪ್ರಶ್ನೆಯಿಂದ ಪಾಠ ಶುರುವಾಯಿತು. ಮಳೆ ಬಾವಿಗೆ ನೀರನ್ನಷ್ಟೇ ತರುವುದಿಲ್ಲ. ಮಣ್ಣು, ಕೊಳೆತ ಎಲೆ, ಸಗಣಿ, ಗೊಬ್ಬರ ಎಲ್ಲವನ್ನೂ ಕೊಚ್ಚಿ ತರುತ್ತದೆ. ಕ್ಲೋರಿನ್ ಕ್ರಿಮಿಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ, ಎದುರಾದ ಕೊಳೆಯೊಂದಿಗೆಲ್ಲ ವರ್ತಿಸಿ ಮುಗಿದುಹೋಗುತ್ತದೆ. ಕೊಳೆಯ ಪಾಲು ತೀರಿದ ಮೇಲೆ ಉಳಿಯುವುದೇ ನಮ್ಮನ್ನು ಕಾಯುವ ಕ್ಲೋರಿನ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಹಲಗೆಯ ಮೇಲಿನ ತೀರ್ಪನ್ನು ಮಕ್ಕಳೇ ತಿದ್ದಿದರು. ಮೆಟ್ಟಿಲಿನ ಮೂಲೆಯಲ್ಲಿ ಪುಡಿ ಕಣ್ಣು ಉರಿಸುವಷ್ಟು ಹೆಚ್ಚಾಗಿತ್ತು. ಇಡೀ ಬಾವಿಯ ಕೊಳೆಗೆ ಆ ಒಂದು ಕಿಲೋ ಸಾಲುತ್ತಲೇ ಇರಲಿಲ್ಲ.

ಹುಡುಗಿಯೊಬ್ಬಳ ಸೋದರಮಾವ ಬೆಂಗಳೂರಿನ ಈಜುಕೊಳವೊಂದರಲ್ಲಿ ಕೆಲಸಕ್ಕಿದ್ದರು. ಜೋರು ಮಳೆಯ ಮರುದಿನ ಅವರು ಏನು ಮಾಡುತ್ತಾರೆಂದು ಫೋನಿನಲ್ಲಿ ಕೇಳಿ ಬರೆದುಕೊಂಡು ಬಂದಳು. ಮೊದಲು ಕಸ ತೆಗೆದು, ಹೆಚ್ಚಾದ ನೀರು ಹೊರಗೆ ಬಿಟ್ಟು, ಫಿಲ್ಟರ್ ಓಡಿಸುವುದು. ನಂತರ ಕ್ಷಾರೀಯತೆ, ಆಮೇಲೆ ಪಿಎಚ್, ಕೊನೆಗೆ ಕ್ಲೋರಿನ್. ಪ್ರತಿಯೊಂದನ್ನೂ ಅಳೆದ ಮೇಲೆಯೇ ಹಾಕುವುದು. ಈ ಕ್ರಮ ಏಕೆಂದು ಕೇಳಿದರೆ ಉತ್ತರ ನಮ್ಮ ಪಾಠದೊಳಗೇ ಇತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಮಳೆನೀರಿನ ಪಿಎಚ್ ಸುಮಾರು 5.6. ಅದರಲ್ಲಿ ಲವಣಗಳು ಬಹಳ ಕಡಿಮೆ. ಅದು ಸೇರಿದಾಗ ಕೊಳದ ಕ್ಲೋರಿನ್ ತೆಳುವಾಗುತ್ತದೆ. ಪಿಎಚ್ ಏರಿಳಿಯದಂತೆ ಹಿಡಿದಿಡುವ ಬೈಕಾರ್ಬೊನೇಟ್ ಕೂಡ ಕಡಿಮೆಯಾಗುತ್ತದೆ. ಅದನ್ನು ಮರಳಿ ತುಂಬಲು ಹಾಕುವುದು ಸೋಡಿಯಂ ಬೈಕಾರ್ಬೊನೇಟ್. ಚಲುವೆ ಪುಡಿಯ ಮುಂದಿನ ಪುಟದಲ್ಲಿರುವ ಅಡುಗೆ ಸೋಡಾ ಅದೇ. ಪಿಎಚ್ 7.5ರ ಸುಮಾರಿನಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಮಾತ್ರ ಚುರುಕಾಗಿ ಕ್ರಿಮಿ ಕೊಲ್ಲುವ ಹೈಪೊಕ್ಲೋರಸ್ ಆಮ್ಲವಾಗಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಕೊಳದಲ್ಲಿ ಪಿಎಚ್ 7.2ರಿಂದ 7.8ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ನಾನು ಬೇರೆ ಬೇರೆ ದಿನ ಬೇರೆ ಬೇರೆ ಚಾರ್ಟಿನಲ್ಲಿ ತೋರಿಸಿದ ಪಿಎಚ್, ಸೋಡಾ, ಚಲುವೆ ಪುಡಿ ಒಂದೇ ನೀರಿನಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದವು.

ಆ ಸೋದರಮಾವ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು. ತಳ ಕಾಣದಿದ್ದರೆ ಕೊಳಕ್ಕೆ ಯಾರನ್ನೂ ಇಳಿಸುವುದಿಲ್ಲ, ಯಾಕೆಂದರೆ ಮುಳುಗಿದವರು ಕಾಣುವುದಿಲ್ಲ. ಅದನ್ನು ಓದಿದಾಗ ತರಗತಿ ಸುಮ್ಮನಾಯಿತು. ಬಾವಿಗೆ ಫಿಲ್ಟರ್ ಇಲ್ಲ, ನೀರು ತಿರುಗಿಸುವ ಪಂಪಿಲ್ಲ, ಕಾವಲಿಗೆ ಯಾರೂ ಇಲ್ಲ. ಪುಡಿ ಎಷ್ಟು ಹಾಕಬೇಕೆಂಬ ಪ್ರಶ್ನೆಗಿಂತ ಮೊದಲು ಬರಬೇಕಾದದ್ದು ಈಗ ಇಳಿಯಬಹುದೇ ಎಂಬ ಪ್ರಶ್ನೆ. ನೀರು ತಿಳಿಯಾಗುವವರೆಗೆ, ದೊಡ್ಡವರು ಜೊತೆಯಲ್ಲಿ ಇಲ್ಲದೆ, ಯಾರೂ ಬಾವಿಗೆ ಇಳಿಯುವುದಿಲ್ಲ ಎಂದು ಮಕ್ಕಳೇ ಬರೆದು ಗೋಡೆಗೆ ಅಂಟಿಸಿದರು. ಪುಡಿಯನ್ನು ದೊಡ್ಡವರೇ ಮುಟ್ಟಬೇಕು, ಬಕೆಟ್ಟಿನಲ್ಲಿ ಕದಡಿ ತಿಳಿಯನ್ನಷ್ಟೇ ಹಾಕಬೇಕು, ಯಾವ ಆಮ್ಲವನ್ನೂ ಅದರ ಹತ್ತಿರ ತರಬಾರದು, ತಂದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ ಎಂಬುದನ್ನೂ ಸೇರಿಸಿದೆವು.

ಈಗ ನನ್ನ ಮೊದಲ ಪಾಠದ ದಾಖಲೆ ನೋಡಿದರೆ, ಪಾಠ ಮುಗಿದ ಐದನೇ ನಿಮಿಷಕ್ಕೇ ನಾನು ಕೇಳಿದ ಪ್ರಶ್ನೆಗಳು ಕಾಣುತ್ತವೆ. ನಾನು ಹೇಳಿದ್ದೇ ನನಗೆ ಮರಳಿ ಬಂದಿತ್ತು, ಅದನ್ನೇ ಕಲಿಕೆ ಎಂದುಕೊಂಡಿದ್ದೆ. ಹುಡುಗ ಆ ಪಾಠವನ್ನು ಮನೆಗೆ ಒಯ್ದು ಬಾವಿಯ ಮೆಟ್ಟಿಲ ಮೇಲೆ ನಿಂತಾಗ ಅವನಲ್ಲಿ ಏನು ಉಳಿದಿರುತ್ತದೆ ಎಂದು ಯೋಚಿಸಿರಲಿಲ್ಲ. ಇಂದಿಗೂ ಪಾಠ ಯೋಜನೆ ಬರೆಯುವಾಗ ಮೌಲ್ಯಮಾಪನದ ಕೊನೆಯ ಸಾಲನ್ನು ಖಾಲಿ ಬಿಡುತ್ತೇನೆ. ಒಂದೆರಡು ದಿನ ಕಳೆದ ಮೇಲೆ, ಅದನ್ನು ಮನೆಯಲ್ಲಿ ಏನು ಮಾಡಿದಿರಿ ಎಂದು ಮಕ್ಕಳನ್ನು ಕೇಳಿ ಆ ಸಾಲನ್ನು ತುಂಬುತ್ತೇನೆ.